‘ಲಂಗರು’ ಪದದ ಮೂಲವೂ ಮಕ್ಕಳಿಗೆ ತಿಳಿಯಲಿ

ಪಠ್ಯಪುಸ್ತಕಗಳ ಪದಕೋಶ ಅರ್ಥವನ್ನಷ್ಟೇ ಕೊಟ್ಟು ಪದದ ಮೂಲವನ್ನು ಕೈಬಿಡುವುದು ಸರಿಯಲ್ಲ. ‘ಲಂಗರು’ ಪದವನ್ನೇ ನೋಡಿ. ತುಮಕೂರಿನಂಥ ಒಳನಾಡಿನ ಎಷ್ಟೋ ಮಕ್ಕಳು ಹಡಗನ್ನೇ ಕಂಡಿಲ್ಲ. ‘ಹಡಗು ನಿಲ್ಲಿಸುವ ಕೊಕ್ಕೆ’ ಎಂದರೆ ಅವರಿಗೆ ಏನೂ ಹೊಳೆಯದು. ಸರಪಳಿಯ ತುದಿಯಲ್ಲಿ ನೀರಿಗಿಳಿದು, ತಳದ ಮಣ್ಣನ್ನು ಕಚ್ಚಿ, ಗಾಳಿಗೆ ಹಡಗು ತೇಲಿಹೋಗದಂತೆ ಹಿಡಿಯುವ ಸಾಧನವದು. ಪದ ಪಾರಸಿಯದು, ‘ಬಂದರು’ ಕೂಡ ಹಾಗೆಯೇ. ಪಾರಸಿಯಲ್ಲಿ ‘ಲಂಗರು’ ಪದಕ್ಕೆ ಬಡವರಿಗೆ ಅನ್ನವಿಕ್ಕುವ ಛತ್ರವೆಂಬ ಅರ್ಥವೂ ಉಂಟು. ಸಿಖ್ಖರ ಗುರುದ್ವಾರಗಳಲ್ಲಿ ಎಲ್ಲರಿಗೂ ಉಚಿತವಾಗಿ ಊಟವಿಕ್ಕುವ ‘ಲಂಗರ್’ ಬಂದದ್ದು ಅಲ್ಲಿಂದಲೇ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಬಲ್ಲ ನಮ್ಮ ಮಕ್ಕಳು ಇದನ್ನು ಒಮ್ಮೆ ಕೇಳಿದರೆ ಮರೆತಾರೆಯೇ? ಮುಂದಿನ ಪರಿಷ್ಕರಣೆಯಲ್ಲಿ ಇಂಥ ಪದಗಳಿಗೆ ಎರಡು ಸಾಲಿನ ಮೂಲವಿವರಣೆಯನ್ನೂ ಒಂದು ಚಿತ್ರವನ್ನೂ ಸೇರಿಸಬೇಕು.

– ಒಬ್ಬ ಶಿಕ್ಷಕಿ, ತುಮಕೂರು