ಚುಕ್ಕಿಗೆ ಮಣ್ಣಿನ ಟಬ್

ಹ್ಯೂಸ್ಟನ್, ಟೆಕ್ಸಸ್

ಪ್ರೀತಿಯ ತಮ್ಮ ಮಂಜುಗೆ,

ಅಕ್ಕನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಮನೆಯ ಆಮೆ ಚುಕ್ಕಿಯದು ನೀನು ಕಳಿಸಿದ ವಿಡಿಯೊ ನೋಡಿದೆ. ಚುಕ್ಕಿ ದಿನವಿಡೀ ಗಾಜು ಕೆರೆಯುವುದು, ಅಂಗಡಿಯಿಂದ ತರುವ ಆಮೆಯ ಕಾಳು ಮೇವು ಮುಟ್ಟದಿರುವುದು, ಬಿಸಿಲು ಕಾಯುವ ಹಲಗೆಯ ಮೇಲೆ ಹಿಂಗಾಲಲ್ಲಿ ಅಗೆಯುವ ಹಾಗೆ ಮಾಡುವುದು, ನೀರಿನ ತಳದಲ್ಲಿ ಒಡೆದ ಒಂದು ಬಿಳಿ ಮೊಟ್ಟೆ. ಇದು ಕಾಯಿಲೆಯಲ್ಲ. ಅದರ ಹೊಟ್ಟೆಯಲ್ಲಿ ಇನ್ನೂ ಮೊಟ್ಟೆಗಳಿವೆ, ಇಡಲು ಜಾಗ ಹುಡುಕುತ್ತಿದೆ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಂಡಿಲ್ಲದೆ ಮೊಟ್ಟೆ ಹೇಗೆ ಅಂತ ಅಮ್ಮ ಕೇಳಿದರಲ್ಲ, ಫಾರಂ ಕೋಳಿ ಹುಂಜವಿಲ್ಲದೆ ಇಡುವ ಹಾಗೆಯೇ ಅಂತ ಹೇಳು. ಅವು ಮರಿಯಾಗುವುದಿಲ್ಲ. ಆದರೆ ಮೊದಲು ಎಂದಾದರೂ ಗಂಡಿನ ಜೊತೆ ಇದ್ದಿದ್ದರೆ ಲೆಕ್ಕ ಬೇರೆ: ಈ ಜಾತಿಯ ಹೆಣ್ಣು ವೀರ್ಯವನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಈ ರೆಡ್ ಇಯರ್ಡ್ ಸ್ಲೈಡರ್‌ನ ತವರು ನಾನಿರುವ ಈ ಕಡೆಯೇ, ಮಿಸಿಸಿಪ್ಪಿ ನದಿಯಿಂದ ಮೆಕ್ಸಿಕೊ ಕೊಲ್ಲಿಯವರೆಗಿನ ನೀರು. ಇಲ್ಲಿ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಹೆಣ್ಣು ನೀರು ಬಿಟ್ಟು ದೂರದ ಮೆತ್ತನೆ ಮಣ್ಣು ಹುಡುಕಿ ನಡೆಯುತ್ತದೆ. ಗಾಜಿನ ತೊಟ್ಟಿಯಲ್ಲಿ ಆ ನಡಿಗೆಗೆ ದಾರಿ ಇಲ್ಲ, ಅದಕ್ಕೇ ಗಾಜು ಕೆರೆಯುವುದು. ಮಣ್ಣು ಸಿಗದಿದ್ದರೆ ಕೆಲವು ನೀರಿಗೇ ಇಟ್ಟುಬಿಡುತ್ತವೆ, ಕೆಲವು ಒಳಗೇ ತಡೆದುಕೊಳ್ಳುತ್ತವೆ. ಒಳಗೆ ತಡೆದುಕೊಳ್ಳುವುದೇ ಅಪಾಯ.

ಹಾಗಾಗಿ ಮೊದಲ ಕೆಲಸ ಮಣ್ಣಿನ ಟಬ್. ಚುಕ್ಕಿಯ ಚಿಪ್ಪು ಸುಮಾರು 20 ಸೆಂ.ಮೀ. ಅಂತೀಯ. ಹಾಗಾದರೆ ಟಬ್ ಕನಿಷ್ಠ 80 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ ಇರಲಿ. ಮಣ್ಣು 25 ಸೆಂ.ಮೀ. ಆಳ ತುಂಬು, ಚಿಪ್ಪಿನ ಉದ್ದಕ್ಕಿಂತ ಆಳ ಕಡಿಮೆಯಾದರೆ ಅದರ ಕಾಲಿಗೆ ತಳ ತಗುಲುತ್ತದೆ, ಅಗೆಯುವುದನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಮೇಲೆ 20 ಸೆಂ.ಮೀ. ಗೋಡೆ ಉಳಿದರೆ ಹತ್ತಿ ಹೊರಗೆ ಬೀಳುವ ಭಯ ಕಡಿಮೆ. ಈ ಅಳತೆಗೆ ಹತ್ತಿರ ಹತ್ತಿರ 90 ಲೀಟರ್ ಮಣ್ಣು ಬೇಕು, ಅಂದರೆ ಹತ್ತು ಲೀಟರಿನ ಒಂಬತ್ತು ಬಕೆಟ್. ಒದ್ದೆಯಾದರೆ ನೂರು ಕೆ.ಜಿ.ಗೂ ಮೀರುತ್ತದೆ. ಆದ್ದರಿಂದ ಟಬ್ಬನ್ನು ಎಲ್ಲಿಡಬೇಕೋ ಅಲ್ಲಿಟ್ಟ ಮೇಲೇ ತುಂಬು. ತುಂಬಿ ಎಳೆದಾಡಿದರೆ ಟಬ್ಬೂ ಸೀಳುತ್ತದೆ, ನಿನ್ನ ಬೆನ್ನೂ ಹಿಡಿಯುತ್ತದೆ.

ನಮ್ಮ ಕೆಂಪು ಮಣ್ಣು ಒಂದನ್ನೇ ಹಾಕಿದರೆ ಒಣಗಿ ಗಟ್ಟಿಯಾಗುತ್ತದೆ, ಬರೀ ಮರಳು ಹಾಕಿದರೆ ಅಗೆದ ಗುಂಡಿ ಕುಸಿಯುತ್ತದೆ. ಅರ್ಧಕ್ಕರ್ಧ ಬೆರೆಸು. ಎರಡನ್ನೂ ಜರಡಿ ಹಿಡಿದು ಕಲ್ಲು, ಗಾಜಿನ ಚೂರು ತೆಗೆ. ಎಂ ಸ್ಯಾಂಡ್ ಚೂಪಾಗಿರುತ್ತದೆ, ಸಿಕ್ಕರೆ ಹೊಳೆ ಮರಳೇ ಒಳ್ಳೆಯದು. ಗೊಬ್ಬರ ಬೆರೆತ ತೋಟದ ಮಣ್ಣು ಬೇಡ, ನರ್ಸರಿಯ ಕುಂಡದ ಮಣ್ಣೂ ಬೇಡ. ಹದ ನೋಡುವುದು ಹೀಗೆ: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಆಮೇಲೆ ನೀನೇ ಕೈಯಲ್ಲಿ 15 ಸೆಂ.ಮೀ. ಗುಂಡಿ ತೋಡಿ ನೋಡು. ಗೋಡೆ ನಿಂತರೆ ಹದ ಸರಿ. ಮಣ್ಣು 28 ಡಿಗ್ರಿ ಆಸುಪಾಸು ಬೆಚ್ಚಗಿರಲಿ. ಚಳಿ ಇದ್ದರೆ ಒಂದು ಮೂಲೆಯ ಮೇಲೆ, 30 ಸೆಂ.ಮೀ. ಎತ್ತರದಲ್ಲಿ, 40 ವ್ಯಾಟಿನ ಹಳೇ ಮಾದರಿ ಬಲ್ಬ್ ಉರಿಸು. ಎಲ್‌ಇಡಿ ಬೆಳಕು ಕೊಡುತ್ತದೆ, ಈ ಕೆಲಸಕ್ಕೆ ಬೇಕಾದ ಶಾಖ ಕೊಡುವುದಿಲ್ಲ. ಟಬ್ಬಿನ ಮೂರು ಬದಿಗೆ ರಟ್ಟು ಕಟ್ಟಿ ಮರೆ ಮಾಡು.

ಒಂದು ಮುಖ್ಯ ಮಾತು. ಜಾಗ ಇದೆಯೆಂದು ಟಬ್ಬನ್ನು ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇಡಬೇಡ. ಅಲ್ಲಿ ಬೆಳೆಯಿಂದ ಬೆಳೆಗೆ ಬ್ಲೀಚಿಂಗ್ ಪೌಡರು, ಸುಣ್ಣ ಹಾಕಿ ಶುಚಿ ಮಾಡುತ್ತೀರಿ. ಆ ಪುಡಿ ಮಣ್ಣಿಗೆ ಬಿದ್ದರೆ ಆಮೆಯ ಕಣ್ಣು, ಚರ್ಮ ಉರಿಯುತ್ತದೆ.

ಬೆಳಿಗ್ಗೆ ಮೈ ಬೆಚ್ಚಗಾದ ಮೇಲೆ ಚುಕ್ಕಿಯನ್ನು ಟಬ್ಬಿಗೆ ಬಿಟ್ಟು ದೂರ ಹೋಗು. ಮೊದಲು ಅಂಚು ಸುತ್ತುತ್ತದೆ, ಮಣ್ಣಿಗೆ ಮೂತಿ ಒತ್ತಿ ಮೂಸುತ್ತದೆ, ಒಂದೆರಡು ಕಡೆ ಕೆರೆದು ಬಿಡುತ್ತದೆ. ಮೆಚ್ಚಿದ ಕಡೆ ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಇಳಿಸಿ ಅಗೆಯುತ್ತದೆ, ನಡುನಡುವೆ ಹಿಂದಿನಿಂದ ನೀರು ಬಿಟ್ಟು ಮಣ್ಣು ಮೆತ್ತಗೆ ಮಾಡಿಕೊಳ್ಳುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡ. ಮೊಟ್ಟೆ ಇಟ್ಟು, ಮಣ್ಣು ಎಳೆದು ಮುಚ್ಚಿ, ಹೊಟ್ಟೆಯ ಚಿಪ್ಪಿನಿಂದ ಒತ್ತಿ ಮುಗಿಸಲು ಒಂದರಿಂದ ಮೂರು ಗಂಟೆ ಹಿಡಿಯಬಹುದು. ಈ ಹೊತ್ತಿನಲ್ಲಿ ಮಕ್ಕಳು ಬಗ್ಗಿ ನೋಡುವುದು, ಫ್ಲ್ಯಾಷ್ ಹಾಕಿ ಫೋಟೋ ತೆಗೆಯುವುದು ಬೇಡವೇ ಬೇಡ; ಬೆದರಿದರೆ ಅರ್ಧದಲ್ಲೇ ನಿಲ್ಲಿಸಿ ಉಳಿದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಮೂರು ಗಂಟೆ ಕಳೆದರೂ ಅಗೆಯದಿದ್ದರೆ ನೀರಿಗೆ ಬಿಡು, ಮಾರನೇ ದಿನ ಮತ್ತೆ ಬಿಡು. ಮುಗಿದ ಮೇಲೂ ನೇರ ನೀರಿಗೇ. ಬಾಯಾರಿರುತ್ತದೆ.

ಮೊಟ್ಟೆ ಮೂರು ಮೂರೂವರೆ ಸೆಂ.ಮೀ. ಉದ್ದ, ಬಿಳಿ, ಉದ್ದುದ್ದ ಆಕಾರ. ಸಿಪ್ಪೆ ಕೋಳಿ ಮೊಟ್ಟೆಯಷ್ಟು ಗಟ್ಟಿ ಇರುವುದಿಲ್ಲ. ಒಂದು ಸಲಕ್ಕೆ ಎರಡೂ ಇರಬಹುದು, ಇಪ್ಪತ್ತೂ ದಾಟಬಹುದು. ಕೆಲವು ವಾರ ಬಿಟ್ಟು ಇನ್ನೊಂದು ಕಂತು ಬರುವುದುಂಟು, ಹಾಗಾಗಿ ಟಬ್ ಖಾಲಿ ಮಾಡಬೇಡ. ನೀರಿನಲ್ಲಿ ಇಟ್ಟದ್ದು ಕಂಡರೆ ತಕ್ಷಣ ತೆಗೆ. ಒಡೆದ ಮೊಟ್ಟೆ ಕೊಳೆತು ನೀರಿನಲ್ಲಿ ಅಮೋನಿಯ ಎಂಬ ವಿಷ ಏರಿಸುತ್ತದೆ, ಫಿಲ್ಟರಿನ ಸ್ಪಂಜು ಕಟ್ಟಿಕೊಳ್ಳುತ್ತದೆ. ಆಗ ಅರ್ಧ ನೀರು ಬದಲಿಸಲೇಬೇಕು.

ಮನೆಯ ಮಗು ಪುಟ್ಟಿ ಮೊಟ್ಟೆಯಿಂದ ಮರಿ ಮಾಡಿಸೋಣ ಅಂದರೆ ಒಪ್ಪಬೇಡ. ಈ ಆಮೆ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ, ಅಂದರೆ ಹೊರಗಿನಿಂದ ಬಂದು ಹರಡಿ ಹಾನಿ ಮಾಡುವ ಜೀವಿಗಳ, ಪಟ್ಟಿಯಲ್ಲಿದೆ. ಯುರೋಪಿನ ಒಕ್ಕೂಟ 2016ರಲ್ಲಿ ಇದರ ಮಾರಾಟಕ್ಕೆ ತಡೆ ಹಾಕಿತು, ಜಪಾನ್ 2023ರಲ್ಲಿ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿತು. ಸಾಕಲಾಗದವರು ಪುಣ್ಯ ಬರುತ್ತದೆಂದು ಕೆರೆಗೋ ಕಲ್ಯಾಣಿಗೋ ಬಿಟ್ಟುಬರುತ್ತಾರೆ. ಅಲ್ಲಿ ಇದು ನಮ್ಮ ಆಮೆಗಳ ಮೇವು, ಬಿಸಿಲು ಕಾಯುವ ಕಲ್ಲು ಎರಡನ್ನೂ ಕಿತ್ತುಕೊಳ್ಳುತ್ತದೆ. ಮೊಟ್ಟೆಗಳನ್ನು ಅದೇ ದಿನ ಹತ್ತು ನಿಮಿಷ ಕುದಿಸಿ ತೆಂಗಿನ ಬುಡಕ್ಕೆ ಹೂತುಬಿಡು. ಅದಕ್ಕೊಂದು ಹಳೇ ಪಾತ್ರೆ ಬೇರೆಯಾಗಿಯೇ ಇರಲಿ. ಜೋಡಿಗೆಂದು ಗಂಡು ತರುವ ಯೋಚನೆಯೂ ಬೇಡ, ಅದು ಕಚ್ಚಿ ಅಟ್ಟಾಡಿಸಿ ಇದನ್ನು ಇನ್ನೂ ಸೊರಗಿಸುತ್ತದೆ. ಕೆರೆಯ ಆಮೆ, ನಕ್ಷತ್ರ ಆಮೆ ಹಿಡಿದು ತಂದು ಸಾಕುವುದಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಮೊಟ್ಟೆಯ ಸಿಪ್ಪೆಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬೇಕಲ್ಲ ಅಂತ ಅಮ್ಮ ಎಲೆಯಡಿಕೆಯ ಸುಣ್ಣ ನೀರಿಗೆ ಹಾಕಿಬಿಟ್ಟಾರು, ತಡೆ. ಅದು ಸುಡುತ್ತದೆ. ಪಕ್ಷಿ ಸಾಕುವವರ ಅಂಗಡಿಯಲ್ಲಿ ಕಟಲ್ ಬೋನ್, ಅಂದರೆ ಒಂದು ಕಡಲಜೀವಿಯ ಸುಣ್ಣದಂಥ ಬಿಳಿ ಒಳಚಿಪ್ಪು, ಸಿಗುತ್ತದೆ. ಹಿಂಭಾಗದ ಗಟ್ಟಿ ಹಾಳೆ ಕೆತ್ತಿ ತೆಗೆದು, ಒಂದು ತುಂಡು ನೀರಿನಲ್ಲಿ ತೇಲಿಬಿಡು, ಬೇಕಾದಾಗ ಕಚ್ಚಿಕೊಳ್ಳುತ್ತದೆ. ಆದರೆ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಇಲ್ಲದೆ ಆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜಿನ ಹಿಂದಿನ ಬಿಸಿಲಲ್ಲಿ ಯುವಿಬಿ ಇರುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಅಂಗಳದಲ್ಲಿ ಅರ್ಧ ಗಂಟೆ ಬಿಡು, ಪಕ್ಕದಲ್ಲಿ ನೆರಳೂ ನೀರೂ ಇರಲಿ, ಯಾರಾದರೂ ಕಾವಲಿರಲಿ. ಗಾಜಿನ ತೊಟ್ಟಿಯನ್ನೇ ಬಿಸಿಲಿಗೆ ಇಟ್ಟರೆ ಒಳಗೇ ಬೆಂದುಹೋಗುತ್ತದೆ.

ಮೇವಿನ ವಿಷಯದಲ್ಲಿ ನೀವು ಅದೃಷ್ಟವಂತರು. ಹಿಪ್ಪುನೇರಳೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಶಿಡ್ಲಘಟ್ಟದಲ್ಲಿ ಅದಕ್ಕೇನು ಬರ. ಹುಳುವಿಗೆ ಹಾಕಲು ಧೈರ್ಯವಿರುವ ಸೊಪ್ಪನ್ನೇ ಇದಕ್ಕೂ ಹಾಕು, ಔಷಧಿ ಹೊಡೆದ ತೋಟದ್ದು ಬೇಡ. ದಾಸವಾಳದ ಎಲೆ, ಹೂವು, ತುರಿದ ಕುಂಬಳ ಆಗುತ್ತದೆ. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಮೈಗೆ ಸೇರದಂತೆ ಹಿಡಿದುಕೊಳ್ಳುತ್ತದೆ. ಕಾಳು ಅದರ ತಲೆ ಗಾತ್ರದಷ್ಟು, ವಾರಕ್ಕೆ ಮೂರು ನಾಲ್ಕು ಸಲ ಸಾಕು. ಕೊಬ್ಬಿದ ಆಮೆಗೆ ಮೊಟ್ಟೆ ಇಡುವುದು ಕಷ್ಟ.

ಇನ್ನು ಆಸ್ಪತ್ರೆ ಯಾವಾಗ. ಚುರುಕಾಗಿ ಓಡಾಡಿಕೊಂಡು ಅಗೆಯುತ್ತಿದ್ದರೆ ಒಂದು ವಾರ ಕಾಯಬಹುದು. ಕಣ್ಣು ಮುಚ್ಚಿ ಮಂಕಾಗಿ ಕೂತರೆ, ತಿಣುಕುತ್ತಿದ್ದರೂ ಏನೂ ಬರದಿದ್ದರೆ, ಹಿಂಗಾಲು ಎಳೆದರೆ, ಬಾಲದ ಬುಡದಲ್ಲಿ ರಕ್ತ, ವಾಸನೆಯ ಲೋಳೆ ಅಥವಾ ಕೆಂಪು ಮಾಂಸ ಹೊರಗೆ ಕಂಡರೆ ಅದೇ ದಿನ ಹೊರಡು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಮೊದಲು ಫೋನ್ ಮಾಡಿ, ಆಮೆ ನೋಡುವ ವೈದ್ಯರು ಯಾವಾಗ ಇರುತ್ತಾರೆ ಕೇಳಿಕೋ. ಒದ್ದೆ ಬಟ್ಟೆ ಹಾಸಿದ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಒಯ್ಯಿ, ಬಕೆಟ್ ನೀರಿನಲ್ಲಿ ಅಲ್ಲ. ಎಕ್ಸ್-ರೇಯಲ್ಲಿ ಎಷ್ಟು ಮೊಟ್ಟೆ ಇವೆ, ಒಡೆದಿವೆಯೇ, ಸೊಂಟದ ಮೂಳೆಯ ದಾರಿಯಲ್ಲಿ ಹಿಡಿಸುವಂತಿವೆಯೇ ಗೊತ್ತಾಗುತ್ತದೆ. ಆಮೇಲೆ ಕ್ಯಾಲ್ಸಿಯಂ, ನೀರಿನಂಶ, ಬೇಕಾದರೆ ಮೊಟ್ಟೆ ಹೊರಗೆ ತಳ್ಳಲು ನೆರವಾಗುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಹಸುವಿಗೆ ಕೊಡುವ ಚುಚ್ಚುಮದ್ದು ಇದೆಯಲ್ಲ ಅಂತ ಯಾರಾದರೂ ಎಕ್ಸ್-ರೇ ನೋಡದೆ ಆಕ್ಸಿಟೋಸಿನ್ ಚುಚ್ಚಲು ಬಂದರೆ ಬೇಡ ಅನ್ನು. ಮೊಟ್ಟೆ ಅಡ್ಡ ಸಿಕ್ಕಿಕೊಂಡಿದ್ದರೆ ಮೊಟ್ಟೆ ಇಳಿಯುವ ನಾಳ ಹರಿದುಹೋಗಬಹುದು. ಹೊಟ್ಟೆ ಒತ್ತಿ ಹೊರಗೆ ತಳ್ಳುವ ಪ್ರಯತ್ನವೂ ಬೇಡ.

ಟಬ್ ಮುಟ್ಟಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ. ಆಮೆ ಆರೋಗ್ಯವಾಗಿದ್ದರೂ ಮನುಷ್ಯರಿಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲ ಎಂಬ ರೋಗಾಣು ಹೊತ್ತಿರಬಹುದು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವಂತಿಲ್ಲ. ಅಡುಗೆಮನೆಯ ಸಿಂಕಿನಲ್ಲಿ ಫಿಲ್ಟರ್ ತೊಳೆಯಬೇಡಿ, ಪುಟ್ಟಿಯ ತಮ್ಮನನ್ನು ಇದರಿಂದ ದೂರವೇ ಇಡಿ.

ಮಣ್ಣು ಬೆರೆಸಿದ ಮೇಲೆ ಗುಂಡಿಯ ಫೋಟೋ ಕಳಿಸು, ಹದ ನೋಡಿ ಹೇಳುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಅಕ್ಕ