ಸಿರಿಬಾಗಿಲಿನ ಸ್ಟೇಷನ್ ಮಾಸ್ಟರಿಗೆ

ಲೋ ಸಾಹೇಬ,

ಹ್ಯಾಂಬರ್ಗಿನ ಮಿನಿಯಾಟೂರ್ ವುಂಡರ್‌ಲಾಂಡ್‌ನಿಂದ, ಅದೇ ಆ ಪುಟ್ಟ ಮಾದರಿ ರೈಲುಗಳ ಲೋಕದಿಂದ, ನೀನು ಕಳಿಸಿದ ವಿಡಿಯೊ ನೋಡಿದೆ. ಕೆಳಗೆ, ನಾನು ಮನೆಯಲ್ಲಿ ಕಟ್ಟುತ್ತಿರುವ ಮಾದರಿ ರೈಲಿನ ಬಗ್ಗೆ, ‘ನಿನ್ನದು ಯಾವಾಗ ಹೀಗಾಗೋದು?’ ಅಂತ ಬೇರೆ ಬರೆದಿದ್ದೀಯ. ಉತ್ತರವನ್ನು ವಾಟ್ಸಾಪಿನಲ್ಲೇ ಹಾಕಬಹುದಿತ್ತು. ಆದರೆ ಅಲ್ಲಿ ನೀನು ಒಂದು ಹೆಬ್ಬೆರಳು ತೋರಿಸಿ ಜಾರಿಕೊಳ್ಳುತ್ತೀಯ. ನಾಲ್ಕು ಜನರ ಮುಂದೆ ಬರೆದರೆ ಮರ್ಯಾದೆಗಾದರೂ ಎರಡು ಸಾಲು ಬರೆಯಲೇಬೇಕು, ಅಲ್ವಾ?

2001ರಲ್ಲಿ ತೆರೆದ ಮೇಲೂ ಕಟ್ಟುತ್ತಲೇ ಇದ್ದಾರೆ ಅವರು. ಹದಿನೈದು ನಿಮಿಷಕ್ಕೊಂದು ಹಗಲು ರಾತ್ರಿ. ವಿಮಾನ ನಿಲ್ದಾಣದಲ್ಲಿ ವಿಮಾನ ಓಡಿ ಮೇಲೇರುತ್ತದೆ. ಅವರದೂ 1:87 ಅಳತೆ, ಅಂದರೆ ಅಸಲಿಯ 87ರಲ್ಲಿ ಒಂದು ಪಾಲು, ನನ್ನದೂ 1:87. ನನ್ನಲ್ಲಿ ಹಾರುವುದು ಸೊಳ್ಳೆ ಮಾತ್ರ. ಆ ಅಳತೆಗೆ ನೋಡಿದರೆ ಅದೂ ಹದ್ದಿನಷ್ಟು ದೊಡ್ಡದು, ಬಿಡು.

ನನ್ನದು ಹೇಗಿದೆ ಅಂತ ಕೇಳು. ಟೆರೇಸ್ ರೂಮಿನಲ್ಲಿ ನಮ್ಮ ಘಟ್ಟ ಎದ್ದಿದೆ. 1979ರಲ್ಲಿ ಪೂರ್ತಿಯಾಗಿ 1996ರಲ್ಲಿ ಮುಚ್ಚಿದ ಆ ಮೀಟರ್ ಗೇಜ್ ಲೈನು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ. ಅದನ್ನು 87ರಿಂದ ಭಾಗಿಸಿದರೂ 630 ಮೀಟರ್ ಆಗುತ್ತದೆ. ನನ್ನ ಗೋಡೆ ಇರುವುದು 12 ಅಡಿ. ಹಾಗಾಗಿ ಎಡಕುಮೇರಿ, ಸಿರಿಬಾಗಿಲು ಎರಡು ಸ್ಟೇಷನ್, ನಡುವೆ ಮೂರು ಸುರಂಗ, ಇಷ್ಟಕ್ಕೇ ತೃಪ್ತಿ. ಅಸಲಿ ಲೈನಿನಲ್ಲಿ 57 ಇವೆ. ಉಳಿದ 54ಕ್ಕೆ ನೀನು ಸುಮ್ನೆ ಕಣ್ಣು ಮುಚ್ಚಿಕೊ. ಸುರಂಗದೊಳಗೆ ಹೇಗೂ ಕತ್ತಲೆ.

ಏರು ಮಾತ್ರ ನಿಯತ್ತಾಗಿ 50 ಅಡಿ ಹೋದರೆ 1 ಅಡಿ ಏರುವ ಹಾಗೆ ಇಟ್ಟಿದ್ದೇನೆ. 12 ಅಡಿಯಲ್ಲಿ ಅದು ಮೂರಿಂಚೂ ಆಗುವುದಿಲ್ಲ. ನೋಡಿದವರು ‘ಎಲ್ಲಿ ಘಟ್ಟ?’ ಅಂತಾರೆ. ಅದಕ್ಕೇ ಅಕ್ಕಪಕ್ಕ ಥರ್ಮೋಕೋಲ್ ಗುಡ್ಡ ಎತ್ತರಿಸಿ ಮೇಲೆ ಪ್ಲಾಸ್ಟರ್ ಮೆತ್ತಿದೆ. ಕಾಡು ಮಾಡುವುದಕ್ಕೆ ಬಣ್ಣ ಹಾಕಿದ ಮರದ ಹೊಟ್ಟು ಮತ್ತು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹರಿದು ಮಾಡಿದ ಮರಗಳು. ಜಲ್ಲಿ ಕೂರಿಸುವುದಕ್ಕೆ ನೀರು ಬೆರೆಸಿದ ಫೆವಿಕಾಲ್, ಅದಕ್ಕೊಂದು ಹನಿ ಪಾತ್ರೆ ಸೋಪು. ಸೋಪು ಹಾಕದಿದ್ದರೆ ಅಂಟು ಕಲ್ಲಿನ ಸಂದಿಗೆ ಇಳಿಯದೆ ಮೇಲೇ ಮುತ್ತಿನ ಹಾಗೆ ನಿಲ್ಲುತ್ತದೆ. ಹಳಿಗಳ ನಡುವಿನ ಅಂತರ 12 ಮಿ.ಮೀ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜ್ ಆದ್ದರಿಂದ ಬಚಾವಾದೆ, ಅವರ ಮಾದರಿಗೆ ಮಾಡಿದ ಹಳಿ ನಮಗೂ ಸರಿಹೋಗುತ್ತದೆ. ವೈಡಿಎಂ-4 ಡೀಸೆಲ್ ಇಂಜಿನ್ನಿನ ಮೈ ನಾನೇ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದ್ದು, ಅಡಿಭಾಗ ಮಾತ್ರ ಸ್ವಿಸ್. ಆರು ಜೊತೆ ಚಕ್ರ ಇರಬೇಕಾದ ಕಡೆ ನಾಲ್ಕೇ ಇವೆ. ಬಗ್ಗಿ ಎಣಿಸುವವರಿಗೆ ಪ್ರವೇಶ ಇಲ್ಲ. ಕೊನೆಯ ಡಬ್ಬಿಯಲ್ಲಿ, ನಾವಿಬ್ಬರೂ ಕಡಲೆಬೀಜದ ಗಾರ್ಡ್ ಅನ್ನುತ್ತಿದ್ದವನ ಗೊಂಬೆ ನಿಲ್ಲಿಸಿದ್ದೇನೆ. ಟೋಪಿ ಸಮೇತ. ನಗಬೇಡ.

ಈಗ ವಿಷಯಕ್ಕೆ ಬರುತ್ತೇನೆ. ರೈಲನ್ನು ಸುತ್ತ ತಿರುಗಿಸುವುದು ಬೇಗ ಬೇಜಾರಾಗುತ್ತದೆ. ಆಮೇಲೆ ಎಲ್ಲರೂ ಮಾಡುವುದು ನಿಯಮದ ಪ್ರಕಾರ ಓಡಿಸುವ ಆಟ. ಒಂಟಿ ಹಳಿಯ ಲೈನಿನಲ್ಲಿ ಎರಡು ಗಾಡಿ ಎದುರುಬದುರಾಗದಂತೆ ನೀಲ್ಸ್ ಚೆಂಡಿನ ಟೋಕನ್ ಯಂತ್ರ ಇರುತ್ತಿತ್ತಲ್ಲ, ಚೆಂಡು ಸಿಕ್ಕ ಗಾಡಿಗೆ ಮಾತ್ರ ಹೋಗಲು ಅಪ್ಪಣೆ, ಅದೇ ಪದ್ಧತಿ ಇಟ್ಟುಕೊಂಡೆ. ಅಲ್ಲಿ ಈ ಕಡೆಯ ಮಾಸ್ಟರ್ ಬೆಲ್ ಹೊಡೆದು ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೇಳಬೇಕು. ಆ ಕಡೆಯವನು ಒಪ್ಪಿ ತನ್ನ ಯಂತ್ರದ ಹಿಡಿ ತಿರುಗಿಸದೆ ಈ ಕಡೆ ಚೆಂಡು ಹೊರಗೆ ಬೀಳುವುದೇ ಇಲ್ಲ. ಒಂದು ಚೆಂಡು ಹೊರಗಿದ್ದರೆ ಅದು ಯಂತ್ರಕ್ಕೆ ವಾಪಸ್ ಬೀಳುವವರೆಗೆ ಎರಡನೆಯದು ಸಿಗದು. ನಾನು ಎರಡು ಹಳೇ ಕಾಲಿಂಗ್ ಬೆಲ್, ಎರಡು ಡಬ್ಬಿ, ಒಂದಿಷ್ಟು ಗೋಲಿ ಇಟ್ಟುಕೊಂಡಿದ್ದೇನೆ. ಎಡಕುಮೇರಿಯಲ್ಲಿ ಬೆಲ್ ಹೊಡೆಯುತ್ತೇನೆ. ಎದ್ದು ಸಿರಿಬಾಗಿಲಿಗೆ ಹೋಗಿ ಉತ್ತರ ಹೊಡೆಯುತ್ತೇನೆ. ವಾಪಸ್ ಬಂದು ಗೋಲಿ ತೆಗೆದು ಗಾಡಿ ಬಿಡುತ್ತೇನೆ.

ಒಂದು ರಾತ್ರಿ ನನ್ನ ಹೆಂಡತಿ ಕೆಳಗಿನಿಂದಲೇ ಕೂಗಿದಳು, ‘ರೀ, ಮೇಲೆ ಇನ್ಯಾರಿದ್ದಾರೆ?’

ಮಗ ಬುದ್ಧಿವಂತ. ‘ಅಪ್ಪಾ, ಆ ಕಡೆಗೊಂದು ಆರ್ಡುಯಿನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಹಾಕ್ತೀನಿ. ನೀನು ಬೆಲ್ ಹೊಡೆದರೆ ತಾನೇ ಉತ್ತರ ಕೊಡುತ್ತೆ. ಸ್ವಲ್ಪ ಕೋಡು, ಅಷ್ಟೇ’ ಅಂದ. ಹ್ಯಾಂಬರ್ಗಿನಲ್ಲೂ ಕಂಪ್ಯೂಟರ್‌ಗಳೇ ರೈಲು ಓಡಿಸುವುದು, ತಪ್ಪೇನೂ ಇಲ್ಲ. ಆದರೆ ನಾನು ‘ಬೇಡ’ ಅಂದ ಜೋರಿಗೆ ಅವನು ಹೆದರಿಬಿಟ್ಟ. ನಾನೂ ಸ್ವಲ್ಪ ಹೆದರಿದೆ. ಒಂದು ಬೆಲ್ಲಿಗೆ ಇಷ್ಟು ಸಿಟ್ಟು ಯಾಕೆ?

ಯಾಕೆ ಅಂದರೆ, ಆ ಕಡೆಯ ಕುರ್ಚಿ ನಿನ್ನದು. ಪ್ಲಾನ್ ಬರೆದ ದಿನದಿಂದಲೂ ಅಷ್ಟೇ. ಒಬ್ಬನಿಗೇ ಆಡುವ ರೈಲು ಮಾದರಿ ಬೇಕಿದ್ದರೆ ಒಂದು ಸ್ಟೇಷನ್ ಸಾಕಿತ್ತು. ಹೋದ ಸಲ ನೀನು ಬೆಂಗಳೂರಿಗೆ ಬಂದು, ಹಾಸನಕ್ಕೆ ಬರಲಾಗದೆ ಹಾಗೇ ಹೊರಟಾಗ ಫೋನಿನಲ್ಲಿ ‘ಅಯ್ಯೋ ಪರವಾಗಿಲ್ಲ, ನಂಗೂ ಸಿಕ್ಕಾಪಟ್ಟೆ ಕೆಲಸ’ ಅಂದೆನಲ್ಲ? ಕೆಲಸ ಏನೂ ಇರಲಿಲ್ಲ ಕಣೋ. ಹಳಿ ಒರೆಸಿ, ಸಿರಿಬಾಗಿಲಿಗೆ ದೀಪ ಹಾಕಿ, ಕೆಳಗೆ ಹೇಳಿ ಕೋಡುಬಳೆ ಮಾಡಿಸಿ ಇಟ್ಟಿದ್ದೆ. ಎರಡು ದಿನ ಆ ರೂಮಿಗೆ ಹೋಗಲಿಲ್ಲ.

ಇನ್ನೂ ಒಂದು ಹೇಳಿಬಿಡುತ್ತೇನೆ. ಈಗ ನನಗೆ ಬರುವ ಫೋನೆಲ್ಲ ಏನೋ ಕೆಲಸಕ್ಕೇ. ಕಾರಣ ಇಲ್ಲದೆ ಫೋನ್ ಮಾಡಿ ಹತ್ತು ನಿಮಿಷ ಬೈದು ಇಡುವಂಥವರು ನನ್ನ ಫೋನಿನಲ್ಲಿ ನೀನೊಬ್ಬನೇ ಉಳಿದಿರುವುದು. ನೀನೂ ಈಗ ವಿಡಿಯೊ ಕಳಿಸುತ್ತೀಯ. ಇತ್ತೀಚೆಗೆ ನಾನು ಬೆಲ್ ಹೊಡೆದ ಕೂಡಲೇ ಎದ್ದು ಆ ಕಡೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಕೂತೇ ಇರುತ್ತೇನೆ. ಗಾಡಿಯೂ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ.

ಅಯ್ಯೋ, ಇದೇನು ಇಷ್ಟೆಲ್ಲ ಬರೆದುಬಿಟ್ಟೆ! ಕಿಟಕಿ ಮುಚ್ಚಿಕೊಂಡು ಸ್ಪ್ರೇ ಪೇಂಟ್ ಹೊಡೆದಿದ್ದರ ಪರಿಣಾಮ ಇರಬೇಕು. ಓದುವ ಉಳಿದವರು ಕಣ್ಣೊರೆಸಿಕೊಳ್ಳುವ ಅಗತ್ಯ ಇಲ್ಲ. ಈ ಮನುಷ್ಯ ನನಗೆ ಇನ್ನೂ 1994ರ ಕ್ಯಾಂಟೀನ್ ಬಾಕಿ ಕೊಡಬೇಕು. ಅದಕ್ಕೆ ಬಡ್ಡಿ ಲೆಕ್ಕ ಹಾಕಿದರೆ ಹ್ಯಾಂಬರ್ಗಿನ ಅರ್ಧ ವಿಮಾನ ನಿಲ್ದಾಣ ನನ್ನದೇ.

ಡಿಸೆಂಬರಿನಲ್ಲಿ ಬರುತ್ತೀನಿ ಅಂದಿದ್ದೀಯ. ಚಾಕೊಲೇಟ್ ತರಬೇಡ, ನಿಮ್ಮತ್ತಿಗೆಗೆ ಶುಗರ್. 12 ಮಿ.ಮೀ. ಹಳಿಯ ಪಾಯಿಂಟು, ಅಂದರೆ ಹಳಿ ಕವಲೊಡೆಯುವ ತುಂಡು, ಬೇಕು, ಎಡಗೈದು ಎರಡು, ಬಲಗೈದು ಒಂದು. ಬಿಲ್ ಮಾತ್ರ ಮನೆಯಲ್ಲಿ ಯಾರಿಗೂ ತೋರಿಸಬೇಡ. ಕೇಳಿದರೆ ನಿನ್ನದೇ ಉಡುಗೊರೆ ಅನ್ನು. ಬೆಲೆ ಕೇಳಿದರೆ ಜರ್ಮನ್‌ನಲ್ಲಿ ಹೇಳು.

ಇಂತಿ,
ಎಡಕುಮೇರಿ ಸ್ಟೇಷನ್ ಮಾಸ್ಟರ್ (ಸಿರಿಬಾಗಿಲಿನ ಹೆಚ್ಚುವರಿ ಹೊಣೆಯೊಂದಿಗೆ, ಭತ್ಯೆ ಇಲ್ಲದೆ)