ಕಲ್ಲು ಆರಿಸಿದವರಿಗೆ, ಮಕ್ಕಳನ್ನು ಆಟ ಬಿಡಿಸಿ ಕೂರಿಸಿದವರಿಗೆ

ನಮ್ಮ ಮಕ್ಕಳ ರಗ್ಬಿ ಕ್ಲಬ್ಬಿನ ಐದನೇ ಸೀಸನ್ ಮುಗಿಯಿತು. ಹಳೆಯ ಮೈದಾನ ಕೈತಪ್ಪಿದ ಮೇಲೆ ಬೆಂಗಳೂರಿನ ಅಂಚಿನ ಈ ಕೆಮ್ಮಣ್ಣಿನ ಬಯಲಿನಲ್ಲಿ ಇದು ಮೊದಲ ವರ್ಷ. ಒಂದು ಹಂತದಲ್ಲಿ ಕ್ಲಬ್ ಮುಚ್ಚುವ ಮಾತೂ ಬಂದಿತ್ತು. ಮುಚ್ಚಲಿಲ್ಲ. ಏಳರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳು ಪ್ರತಿ ಭಾನುವಾರ ಆಡಿದರು. ಅದಕ್ಕೆ ಕಾರಣರಾದವರಿಗೆ, ಯಾವ ಕೆಲಸಕ್ಕೆ ಎಂದು ಬಿಡಿಸಿ ಹೇಳಿಯೇ ಧನ್ಯವಾದ ಸಲ್ಲಿಸಬೇಕು.

ಮೊದಲು ಕಲ್ಲು ಆರಿಸಿದವರಿಗೆ. ಮಕ್ಕಳು ಬರುವುದು ಆರೂವರೆಗೆ, ನೀವು ಬರುತ್ತಿದ್ದುದು ಆರಕ್ಕೆ. ತೋಳಿಗೆ ತೋಳು ತಾಗುವಷ್ಟು ಹತ್ತಿರ ಸಾಲಾಗಿ ನಿಂತು ಬಯಲಿನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ನಡೆದಿರಿ. ಎರಡು ದಿಕ್ಕಿನಲ್ಲೂ ನಡೆಯಬೇಕು ಎಂದು ಕಂಡುಕೊಂಡವರು ನೀವೇ: ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಕಡೆಯಿಂದ ಕಾಣದ ಗಾಜಿನ ಚೂರು ಇನ್ನೊಂದು ಕಡೆಯಿಂದ ಮಿಂಚುತ್ತದೆ. ಮಳೆ ಬಿದ್ದ ಮರುದಿನ ಕೆಲಸ ದುಪ್ಪಟ್ಟು. ಮೇಲ್ಮಣ್ಣು ತೊಳೆದುಹೋಗಿ, ಹಿಂದಿನ ವಾರ ಇಲ್ಲದ ಜಲ್ಲಿ ತಲೆ ಎತ್ತಿರುತ್ತದೆ. ಸಿಕ್ಕಿದ್ದನ್ನು ಬದಿಗೆ ಎಸೆಯದೆ ಸಿಮೆಂಟ್ ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದ್ದಕ್ಕೆ ಇನ್ನೊಂದು ಧನ್ಯವಾದ. ಆಟದಲ್ಲಿ ಮಕ್ಕಳು ಗೆರೆ ದಾಟಿ ಜಾರಿ ಬೀಳುವುದು ಆ ಬದಿಯಲ್ಲೇ.

ಗೆರೆ ಎಳೆಯಲು ನಾವು ಸುಣ್ಣದ ಪುಡಿ ತಂದಿಟ್ಟಿದ್ದೆವು. ಬೇಡ ಎಂದು ತಡೆದದ್ದು ಗಾರೆ ಕೆಲಸದ ಮೇಸ್ತ್ರಿಯಾಗಿರುವ ಒಬ್ಬ ತಂದೆ. ಗೋಡೆಗೆ ಬಳಿಯುವ ಸುಣ್ಣ ತೀಕ್ಷ್ಣ ಕ್ಷಾರ. ಬೆವರಿದ ಮೈಗೆ, ತರಚಿದ ಮಂಡಿಗೆ ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬೇರೆ ಆಟಗಳಲ್ಲಿ ಗೆರೆಯನ್ನು ದಾಟುತ್ತಾರೆ, ರಗ್ಬಿಯಲ್ಲಿ ಅದರ ಮೇಲೆ ಮುಖ ಅಡಿಯಾಗಿ ಬೀಳುತ್ತಾರೆ. ಚೆಂಡನ್ನು ನೆಲಕ್ಕೆ ಒತ್ತಿದರೆ ತಾನೇ ಟ್ರೈ, ಅಂದರೆ ಅಂಕ. ಅಂದಿನಿಂದ ಸೀಮೆಸುಣ್ಣದ ಪುಡಿ, ಅದು ಸಿಗದ ವಾರ ಬರೀ ಚಪ್ಪಟೆ ಕೋನ್‌ಗಳು. ಆ ಒಂದು ಮಾತಿಗೆ ಕ್ಲಬ್ ಸದಾ ಋಣಿ.

ಫೆಬ್ರವರಿಯಿಂದ ಮೊದಲ ಮುಂಗಾರು ಮಳೆಯವರೆಗೆ ಮೈಮುಟ್ಟುವ ಆಟವನ್ನು ಪೂರ್ತಿ ನಿಲ್ಲಿಸಿದಾಗ ದೊಡ್ಡ ಮಕ್ಕಳಿಗೆ ಬೇಸರವಾಯಿತು. ನೆಲ ಕಲ್ಲಿನಂತೆ ಗಟ್ಟಿಯಾಗಿತ್ತು, ಮತ್ತು ಟ್ಯಾಂಕರ್ ನೀರನ್ನು ಬಯಲಿಗೆ ಸುರಿಯುವ ಊರಲ್ಲ ಇದು. ಆ ತಿಂಗಳುಗಳಲ್ಲಿ ಎಲ್ಲರಿಗೂ ಟ್ಯಾಗ್ ಆಟ ಮಾತ್ರ: ಮೈ ಹಿಡಿಯುವ ಬದಲು ಸೊಂಟದ ಬಟ್ಟೆಯ ಬಾಲ ಕೀಳುವುದು. ಒಪ್ಪಿಕೊಂಡ ಮಕ್ಕಳಿಗೆ ಧನ್ಯವಾದ.

ಟ್ಯಾಗ್ ಎಂದ ಮೇಲೆ ಅದನ್ನು ತೊಳೆದವರ ಮಾತು ಬರಲೇಬೇಕು. ಸೊಂಟದ ಪಟ್ಟಿಯ ಎರಡು ಮಗ್ಗುಲಿಗೆ ವೆಲ್ಕ್ರೋದಿಂದ ಅಂಟಿಕೊಳ್ಳುವ ಎರಡು ಬಟ್ಟೆಯ ಬಾಲಗಳು. ಒಂದನ್ನು ಕಿತ್ತವರು ‘ಟ್ಯಾಗ್’ ಎಂದು ಕೂಗಿ ಕೈ ಎತ್ತಬೇಕು, ಚೆಂಡು ಹಿಡಿದವರು ಮೂರು ಸೆಕೆಂಡಿನೊಳಗೆ ಪಾಸ್ ಕೊಡಬೇಕು, ಕಿತ್ತ ಬಾಲವನ್ನು ಅವರ ಕೈಗೇ ಮರಳಿಸಬೇಕು. ಇಡೀ ಆಟ ನಿಂತಿರುವುದು ಆ ವೆಲ್ಕ್ರೋ ಮೇಲೆ. ಕೆಸರು, ಹುಲ್ಲಿನ ಎಳೆ, ಕೂದಲು ಸಿಕ್ಕಿಕೊಂಡರೆ ಹಿಡಿತ ಹೋಗಿ ಯಾರೂ ಮುಟ್ಟದೆಯೇ ಉದುರುತ್ತದೆ, ಮಕ್ಕಳ ನಡುವೆ ಜಗಳ ಶುರುವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಕ್ಕೆಯ ಭಾಗವನ್ನು ಒಣಗಿದ್ದಾಗಲೇ ಕೆರೆದು, ಆಮೇಲೆ ತಣ್ಣೀರಿನಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಬಣ್ಣಕ್ಕೆ ಹತ್ತರಂತೆ ಕಟ್ಟು ಕಟ್ಟಿ ಕೊಟ್ಟ ಅಜ್ಜಿಯರಿಗೆ ಮತ್ತು ಅಮ್ಮಂದಿರಿಗೆ ನಮಸ್ಕಾರ. ಪಟ್ಟಿಯ ಉಳಿದ ತುದಿ ಜೋಲಾಡಿದರೆ ಅದಕ್ಕೆ ಬೆರಳು ಸಿಕ್ಕಿ ಉಳುಕುತ್ತದೆ. ಅದನ್ನು ಒಳಗೆ ಮಡಿಸಿ ಹೊಲಿದು ಕೊಟ್ಟ ಕೈಗಳಿಗೂ.

ಚೆಂಡುಗಳ ಉಸ್ತುವಾರಿ ಹೊತ್ತ ಸೈಕಲ್ ಅಂಗಡಿಯವರಿಗೆ ಹೇಳದೆ ಉಳಿದದ್ದು ಬಹಳ. ಒಂಬತ್ತು ವರ್ಷದವರೆಗೆ 3ನೇ ಅಳತೆಯ ಚೆಂಡು, ಹದಿನಾಲ್ಕರವರೆಗೆ 4ನೇ ಅಳತೆ, ಆಮೇಲೆ 5. ದೊಡ್ಡ ಚೆಂಡಿಗೆ 9.5ರಿಂದ 10 ಪಿಎಸ್‌ಐ ಒತ್ತಡದ ಗಾಳಿ ಸಾಕು. ಪೆಟ್ರೋಲ್ ಬಂಕಿನಲ್ಲಿ ತುಂಬಿಸಿದರೆ ಹೊಲಿಗೆ ಬಿಟ್ಟು ಚೆಂಡು ಉಬ್ಬಿಕೊಳ್ಳುತ್ತದೆ, ಆಮೇಲೆ ಮಗುವಿನ ಕೈಗೆ ದಕ್ಕುವುದಿಲ್ಲ. ಸೂಜಿಯನ್ನು ಒಣದಾಗಿ ಚುಚ್ಚಿ ಎರಡು ಚೆಂಡಿನ ವಾಲ್ವ್ ಹರಿದ ಮೇಲೆ, ಒಂದು ತೊಟ್ಟು ಗ್ಲಿಸರಿನ್ ಹಚ್ಚುವುದನ್ನು ಕಲಿಸಿದವರು ನೀವು. ಆಮೇಲೆ ಒಂದು ಚೆಂಡೂ ಹಾಳಾಗಲಿಲ್ಲ.

ಚೆಂಡು ಹಿಡಿದು ಓಡುವವನನ್ನು ತಬ್ಬಿ ಕೆಡವುವ ಹಿಡಿತ (ಟ್ಯಾಕಲ್) ಕಲಿಸಿದ ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರು ಇಬ್ಬರೂ ಹಳೆಯ ಕಬಡ್ಡಿ ಆಟಗಾರರು. ಕಬಡ್ಡಿ ಆಡಿ ಬೆಳೆದ ಮಕ್ಕಳಿಗೆ ಸೊಂಟ ಬಗ್ಗಿಸಿ ಕೆಳಗೆ ಇಳಿಯುವುದು ಹೇಳಿಕೊಡಬೇಕಿಲ್ಲ. ತೊಡಕು ಇನ್ನೊಂದು ಕಡೆ. ಕಾಲ ಗಂಟಿಗೆ ಹಾರಿ ಬೀಳುವ ಅಭ್ಯಾಸದಲ್ಲಿ ಅವರು ಕಣ್ಣು ಮುಚ್ಚಿ, ತಲೆಯನ್ನು ಓಡುವವನ ಮುಂದಕ್ಕೆ ತರುತ್ತಾರೆ. ಕಬಡ್ಡಿ ಅಂಕಣದಲ್ಲಿ ಎದುರಾಳಿ ಎರಡು ಹೆಜ್ಜೆ ದೂರದಲ್ಲಿರುತ್ತಾನೆ, ಇಲ್ಲಿ ಹತ್ತು ಮೀಟರ್ ಓಡಿಕೊಂಡು ಬರುತ್ತಾನೆ. ಅವನ ಮಂಡಿ ನೇರ ತಲೆಗೆ. ಇದನ್ನು ಬಿಡಿಸಲು ಮೇಷ್ಟ್ರು ಎಲ್ಲರನ್ನೂ ಮೊದಲು ಮಂಡಿಯೂರಿಸಿದರು. ಇಬ್ಬರೂ ಮಂಡಿಯ ಮೇಲೆ, ಕೆನ್ನೆ ಎದುರಿನವನ ಮಗ್ಗುಲಿಗೆ, ತಲೆ ಅವನ ಬೆನ್ನ ಕಡೆ, ಎರಡೂ ತೋಳು ಬಳಸಿ ಬಿಗಿ. ಅದು ಎಡಗಡೆ ಬಲಗಡೆ ಎರಡಕ್ಕೂ ಕೂತ ಮೇಲೆ ಒಬ್ಬ ನಡೆಯುವುದು, ಆಮೇಲೆ ಇಬ್ಬರೂ ನಡೆಯುವುದು, ಕೊನೆಗೆ ನಿಧಾನದ ಓಟ. ಎದೆಗೂಡಿನ ಕೆಳತುದಿಗಿಂತ ಮೇಲೆ ಹಿಡಿದರೆ ಶಿಳ್ಳೆ. ಜೋಡಿ ಮಾಡಿದ್ದು ವಯಸ್ಸು ನೋಡಿ ಅಲ್ಲ, ತೂಕ ನೋಡಿ: ಹನ್ನೆರಡನೇ ವಯಸ್ಸಿನಲ್ಲಿ ಒಬ್ಬ 28 ಕಿಲೋ, ಇನ್ನೊಬ್ಬ 50 ಕಿಲೋ ಇರಬಲ್ಲ. ಆರು ವಾರ ಯಾವ ಪಂದ್ಯವೂ ಇಲ್ಲದೆ ಬರೀ ಇದನ್ನೇ ಮಾಡಿಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಮೇಷ್ಟ್ರೇ.

ಇನ್ನು ನಾವು ಎಲ್ಲರಿಗಿಂತ ಹೆಚ್ಚು ಋಣಿಯಾಗಿರುವವರ ವಿಷಯ. ಈ ಸೀಸನ್‌ನಲ್ಲಿ ಮೂರು ಸಲ, ಮಗುವಿನ ತಲೆಗೆ ಪೆಟ್ಟಾಗಿರಬಹುದು ಎಂಬ ಸಂಶಯಕ್ಕೆ ಆಟದಿಂದ ಹೊರಗೆ ಕರೆದೆವು. ಪೆಟ್ಟು ಎಂದರೆ ರಕ್ತ ಬರಬೇಕು, ಪ್ರಜ್ಞೆ ತಪ್ಪಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಮಿದುಳು ಒಳಗೆ ಅಲುಗಿದ್ದಕ್ಕೆ ಎರಡೂ ಬೇಕಿಲ್ಲ. ಏಳುವಾಗ ತೂರಾಡುವುದು, ಅಂಕ ಎಷ್ಟು ಎಂದರೆ ತಡವರಿಸುವುದು, ಸುಮ್ಮನೆ ಅಳುವುದು, ಬೆಳಕು ಚುಚ್ಚುತ್ತದೆ ಎನ್ನುವುದು, ಇಷ್ಟು ಸಾಕು. ಲಕ್ಷಣ ಆಗಲೇ ಕಾಣದೆ ಒಂದೆರಡು ದಿನ ಬಿಟ್ಟು ಬರುವುದೂ ಉಂಟು. ‘ಏನೂ ಆಗಿಲ್ಲ ಸರ್’ ಎಂಬ ಮಗುವಿನ ಮಾತನ್ನು ನಂಬಿ ಅದೇ ದಿನ ಮತ್ತೆ ಇಳಿಸಿ, ಎರಡನೇ ಪೆಟ್ಟು ಬಿದ್ದರೆ ಅನಾಹುತ.

ಆ ಮೂರು ಮನೆಯವರೂ ಮುಖಕ್ಕೆ ನೀರು ಎರಚಲಿಲ್ಲ, ಈರುಳ್ಳಿ ಮೂಸಿಸಲಿಲ್ಲ, ಎಬ್ಬಿಸಿ ನಡೆದಾಡಿಸಲಿಲ್ಲ. ಒಂದು ಮಗು ಕುತ್ತಿಗೆ ನೋವು ಎಂದಾಗ ಅದರ ಅಮ್ಮ ಓಡಿ ಬಂದು ಎತ್ತಿಕೊಳ್ಳದೆ, ನಮ್ಮ ನರ್ಸ್ ತಲೆಯನ್ನು ಅಲುಗದಂತೆ ಹಿಡಿದು ಆಂಬುಲೆನ್ಸ್ ಬರುವವರೆಗೆ ಕಾದಷ್ಟು ಹೊತ್ತು ಪಕ್ಕದಲ್ಲಿ ಕೂತು ಮಾತಾಡಿಸುತ್ತಲೇ ಇದ್ದರು. ಅದೃಷ್ಟಕ್ಕೆ ಸ್ನಾಯು ಉಳುಕಿತ್ತಷ್ಟೆ. ಆ ತಾಯಿಯ ಧೈರ್ಯ ನಾವು ಮರೆಯುವಂಥದ್ದಲ್ಲ.

ಆಮೇಲಿನದು ಇನ್ನೂ ಕಷ್ಟ. ಬ್ರಿಟನ್‌ನಲ್ಲಿ 2023ರಲ್ಲಿ ಹವ್ಯಾಸಿ ಕ್ರೀಡೆಗೆಂದು ಹೊರಬಂದ ಮಾರ್ಗಸೂಚಿಯನ್ನು ನಾವು ಅನುಸರಿಸುತ್ತೇವೆ. ಮೊದಲ 24 ಗಂಟೆ ಮಗುವನ್ನು ಒಂಟಿಯಾಗಿ ಬಿಡಬಾರದು, ಅಷ್ಟರೊಳಗೆ ವೈದ್ಯರು ನೋಡಬೇಕು. ಒಂದೆರಡು ದಿನ ವಿಶ್ರಾಂತಿ, ಮೊಬೈಲ್ ಮತ್ತು ಟಿವಿ ಆದಷ್ಟು ಕಡಿಮೆ. ಆಮೇಲೆ ನಡಿಗೆ, ಶಾಲೆ, ನಂತರ ಹಗುರ ಓಟ. ಲಕ್ಷಣವಿಲ್ಲದೆ 14 ದಿನ ಕಳೆಯುವವರೆಗೆ ಮೈಮುಟ್ಟುವ ಅಭ್ಯಾಸ ಇಲ್ಲ, 21 ದಿನಕ್ಕೆ ಮುಂಚೆ ಪಂದ್ಯವಂತೂ ಇಲ್ಲವೇ ಇಲ್ಲ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ ಆ ಕ್ಷಣವೇ ಆಸ್ಪತ್ರೆ. ಒಂದು ಮಗುವಿಗೆ ಹನ್ನೆರಡನೇ ದಿನ ವರ್ಷದ ದೊಡ್ಡ ಟೂರ್ನಮೆಂಟ್ ಇತ್ತು. ಮಗು ಅತ್ತಿತು, ತಂಡದವರೂ ಬೇಡಿಕೊಂಡರು. ಆ ತಂದೆ ಮಗನನ್ನು ಗೆರೆಯ ಹೊರಗೆ ನೀರಿನ ಬಾಟಲಿ ಕೊಟ್ಟು ಕೂರಿಸಿದರು. ಶಾಲೆಗೆ ಹೋಗಿ ಅಲ್ಲಿಯ ಪಿ.ಟಿ. ಮೇಷ್ಟ್ರಿಗೂ ದಿನಾಂಕ ಬರೆದುಕೊಟ್ಟರು, ಏಕೆಂದರೆ ನಮ್ಮಲ್ಲಿ ಕೂತ ಮಗು ಅಲ್ಲಿ ಕಬಡ್ಡಿಗೆ ಇಳಿದರೆ ಕೂತದ್ದು ವ್ಯರ್ಥ. ಆ ದಿನ ನಾವು ಸೋತೆವು. ಕ್ಲಬ್ಬಿನ ಐದು ವರ್ಷದಲ್ಲಿ ನಾವು ಅತ್ಯಂತ ಹೆಮ್ಮೆಪಡುವ ದಿನ ಅದೇ.

ಚುರುಕಾದ ಮಕ್ಕಳ ತಂದೆತಾಯಿಗಳೂ ನಮಗೆ ದೊಡ್ಡ ಮನಸ್ಸು ತೋರಿಸಿದ್ದೀರಿ. ಬಂದ ಪ್ರತಿ ಮಗುವಿಗೂ ಕನಿಷ್ಠ ಅರ್ಧ ಪಂದ್ಯ ಸಿಗಬೇಕು ಎಂಬ ನಿಯಮದಿಂದ ನಿಮ್ಮ ಮಗು ಗೆಲ್ಲುವ ಹೊತ್ತಿನಲ್ಲಿ ಹೊರಗೆ ಕೂತದ್ದುಂಟು. ಹಗ್ಗದ ಹಿಂದೆ ನಿಂತು ‘ಓಡು ಓಡು’ ಎಂದು ಕೂಗದೆ ಇದ್ದದ್ದಕ್ಕೂ ಧನ್ಯವಾದ. ಹಾಗೆ ಕೂಗಿದರೆ ಮಗು ಪಕ್ಕದಲ್ಲಿ ಬಿಡುವಾಗಿರುವ ಗೆಳತಿಯನ್ನು ನೋಡುವುದೇ ಇಲ್ಲ, ಒಂಟಿಯಾಗಿ ಹೋಗಿ ಗುಂಪಿಗೆ ಸಿಕ್ಕಿಬೀಳುತ್ತದೆ.

ಹುಡುಗಿಯರ ಸಂಖ್ಯೆ ಈ ವರ್ಷ ಏರಲು ಎರಡೇ ಕಾರಣ: ಪಕ್ಕದ ಸಮುದಾಯ ಭವನದವರು ಶೌಚಾಲಯದ ಬೀಗದ ಕೈ ಕೊಟ್ಟರು, ಪ್ರತಿ ಅಭ್ಯಾಸಕ್ಕೂ ಇಬ್ಬರು ಹೆಂಗಸರು ಪಾಳಿ ಹಾಕಿಕೊಂಡು ಬಂದರು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು ಎಂಬ ನಿಯಮ ಕಾಗದದಲ್ಲಿ ಉಳಿಯದೆ ನಡೆದದ್ದು ಆ ಪಾಳಿಯಿಂದ.

ಒಂದು ಪೊಟ್ಟಣ ಓಆರ್‌ಎಸ್‌ಗೆ ಸರಿಯಾಗಿ ಒಂದು ಲೀಟರ್ ನೀರು ಅಳೆದ ಅಕ್ಕ, ಮಜ್ಜಿಗೆ ತಂದ ಮನೆ, ಏಪ್ರಿಲ್ ಸಂಜೆಯ ಗುಡುಗಿಗೆ ಗಡಿಯಾರ ಹಿಡಿದು ಕೊನೆಯ ಸದ್ದಿನಿಂದ ಮೂವತ್ತು ನಿಮಿಷ ಎಲ್ಲರನ್ನೂ ಭವನದೊಳಗೆ ಕೂಡಿಹಾಕಿದ ಕಾವಲುಗಾರರು, ನಿಮಗೆಲ್ಲರಿಗೂ ಧನ್ಯವಾದ.

ಮುಚ್ಚುವ ಮಾತು ಬಂದಾಗ ಖಾತೆಯಲ್ಲಿ ಉಳಿದ ಹಣ ಏನು ಮಾಡುವುದು ಎಂದು ಸಭೆಯಲ್ಲಿ ಕೇಳಿದ್ದರು. 1878ರಲ್ಲಿ ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ಮೂರು ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಕಪ್ ಮಾಡಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಆಡುವುದು ಆ ಕಲ್ಕತ್ತಾ ಕಪ್‌ಗೇ. ನಮ್ಮ ಹಣ ಕಪ್ ಆಗಲಿಲ್ಲ. ಇಪ್ಪತ್ತು ಜೊತೆ ಟ್ಯಾಗ್ ಪಟ್ಟಿ, ಎಂಟು ಚೆಂಡು ಮತ್ತು ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಆಯಿತು. ಪೈಸೆ ಪೈಸೆ ಲೆಕ್ಕ ಭವನದ ಗೋಡೆಯಲ್ಲಿ ಅಂಟಿಸಿಟ್ಟ ಖಜಾಂಚಿಗಳಿಗೆ ವಂದನೆ.

ಜೂನ್ ಮೊದಲ ಭಾನುವಾರ ಮತ್ತೆ ಆರು ಗಂಟೆಗೆ. ಕಾಲಿಗೆ ಚಿಕ್ಕದಾದ ಶೂಗಳಿದ್ದರೆ ತೊಳೆದು, ಅಳತೆಯ ಚೀಟಿ ಅಂಟಿಸಿ ತನ್ನಿ. ಸಿಮೆಂಟ್ ಚೀಲ ಈ ಸಲ ನಾವೇ ತರುತ್ತೇವೆ.